ರಕ್ಷಣಾ ಹೆಲಿಕಾಪ್ಟರ್‌ಗಳ ನೆಲೆ ಎಲ್ಲಿರಬೇಕು: ನಾಗಪುರದಲ್ಲಿ ತರಬೇತಿ ಪಡೆಯುತ್ತಿರುವ ಕರ್ನಾಟಕದ ಅಧಿಕಾರಿಗಳಿಗೆ ಬಹಿರಂಗ ಪತ್ರ

ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು, ರಾಷ್ಟ್ರೀಯ ಪೌರರಕ್ಷಣಾ ಕಾಲೇಜು ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಅಕಾಡೆಮಿಗಳಿಗೆ ತರಬೇತಿಗಾಗಿ ಹೋಗಿರುವ ಕರ್ನಾಟಕದ ಅಗ್ನಿಶಾಮಕ, ಗೃಹರಕ್ಷಕ, ಪೌರರಕ್ಷಣಾ ಹಾಗೂ ರಾಜ್ಯ ವಿಪತ್ತು ಸ್ಪಂದನಾ ಪಡೆಯ (ಎಸ್‌ಡಿಆರ್‌ಎಫ್) ಅಧಿಕಾರಿಗಳಿಗೆ,



ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಐನೂರು ಕಿಲೋಮೀಟರ್‌ಗಿಂತ ಹೆಚ್ಚು ದೂರ ಸಾಗಬೇಕಾದ ಊರಿನಲ್ಲಿ ಕುಳಿತವರಿಗೆ ಕಡಲ ರಕ್ಷಣೆಯ ಕುರಿತು ಪತ್ರ ಬರೆಯುವುದಕ್ಕೆ ಗಟ್ಟಿಯಾದ ಕಾರಣವಿದೆ. 1957ರಿಂದ ನಾಗಪುರದಲ್ಲಿ ನಡೆದುಕೊಂಡು ಬಂದಿರುವ ಅಗ್ನಿಶಾಮಕ ಮತ್ತು ಪೌರರಕ್ಷಣಾ ಕಾಲೇಜುಗಳಲ್ಲಿಯೂ, ಅವುಗಳ ಜೊತೆಗೆ ಈಚೆಗೆ ಬೆಳೆದ ಅಕಾಡೆಮಿಯಲ್ಲಿಯೂ ಕಲಿತು ಮರಳುವ ಅಧಿಕಾರಿಗಳೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳಿಗೆ ಟಿಪ್ಪಣಿ ಬರೆಯುವವರು, ನಿಯಂತ್ರಣ ಕೊಠಡಿಯ ದಾಖಲೆ ಇಡುವವರು, ಜಾಗ ತೋರಿಸಬೇಕಾದಾಗ ಕಂದಾಯ ಇಲಾಖೆಯವರ ಜೊತೆ ಸ್ಥಳ ಪರಿಶೀಲನೆಗೆ ಹೋಗುವವರು. ಕಡಲಿನ ಶೋಧ ಮತ್ತು ರಕ್ಷಣೆಯ ಹೆಲಿಕಾಪ್ಟರ್‌ಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನವು ರಕ್ಷಣಾ ಸಚಿವಾಲಯದಲ್ಲಿ ಆಗುವುದಾದರೂ, ಆ ತೀರ್ಮಾನಕ್ಕೆ ಬೇಕಾದ ಅಂಕಿ-ಅಂಶವೂ ಭೂಮಿಯೂ ಹೋಗುವುದು ಜಿಲ್ಲೆಯಿಂದಲೇ. ಜಿಲ್ಲೆಯ ಟಿಪ್ಪಣಿ ಸಡಿಲವಾಗಿದ್ದರೆ ಜಾಗ ಸುಲಭವಾಗಿ ಸಿಕ್ಕ ಕಡೆ ನೆಲೆಯಾಗುತ್ತದೆ ಅಥವಾ ಎಲ್ಲಿಯೂ ಆಗುವುದಿಲ್ಲ.

ಅಗ್ನಿಶಾಮಕ ಠಾಣೆಯ ಸ್ಥಳ ನಿರ್ಣಯಿಸುವ ಕ್ರಮವನ್ನು ಅಗ್ನಿಶಾಮಕ ಅಧಿಕಾರಿಗಳಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ನಕ್ಷೆಯ ಮೇಲಿನ ದೂರಕ್ಕಿಂತ, ಕರೆ ಬಂದ ಗಳಿಗೆಯಿಂದ ನೀರು ಬೆಂಕಿಗೆ ಬೀಳುವ ಗಳಿಗೆಯವರೆಗಿನ ಹೊತ್ತೇ ಅಲ್ಲಿ ಅಳತೆಗೋಲು. ಕಡಲ ರಕ್ಷಣೆಗೂ ಅದೇ ಅಳತೆಗೋಲು ಸಲ್ಲುತ್ತದೆ, ಆದರೆ ಅದರಲ್ಲಿ ನಾಲ್ಕು ತುಂಡುಗಳಿವೆ: ಆಪತ್ತಿನಲ್ಲಿರುವ ಬೋಟಿನ ಸುದ್ದಿ ಸರಿಯಾದ ಕಚೇರಿಗೆ ತಲಪುವ ಹೊತ್ತು, ಸುದ್ದಿ ತಲಪಿದ ಮೇಲೆ ಹೆಲಿಕಾಪ್ಟರ್ ನೆಲ ಬಿಡುವ ಹೊತ್ತು, ಹಾರಾಟದ ಹೊತ್ತು, ಮತ್ತು ಸ್ಥಳ ಸೇರಿದ ಮೇಲೆ ನೀರಿನಲ್ಲಿರುವ ಮನುಷ್ಯನನ್ನು ಕಂಡುಹಿಡಿದು ವಿಂಚ್‌ನಿಂದ, ಅಂದರೆ ಹೆಲಿಕಾಪ್ಟರ್‌ನ ಬಾಗಿಲ ಬಳಿ ಇರುವ ರಾಟೆಯ ಉಕ್ಕಿನ ಹಗ್ಗದಿಂದ, ಮೇಲೆತ್ತುವ ಹೊತ್ತು. ನೆಲೆಯ ಚರ್ಚೆ ನಡೆದಾಗಲೆಲ್ಲ ಮೂರನೆಯ ತುಂಡಾದ ಹಾರಾಟದ ಹೊತ್ತಿನ ಬಗ್ಗೆ ಮಾತ್ರ ಮಾತು ಬರುತ್ತದೆ. ಉಳಿದ ಮೂರು ಮರೆಯಾಗುತ್ತವೆ. ಆದರೆ ನಾಲ್ಕನೆಯ ತುಂಡು ಮೊದಲ ಮೂರರ ಮೇಲೆ ನಿಂತಿದೆ ಎಂಬುದೇ ಕಡಲಿನ ವಿಶೇಷ.

2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ನಾಗಪುರದಲ್ಲಿ ಸುರಿದ ಭಾರಿ ಮಳೆಗೆ ಅಂಬಾಝರಿ ಕೆರೆ ಉಕ್ಕಿ ತಗ್ಗಿನ ಬಡಾವಣೆಗಳು ಮುಳುಗಿದಾಗ, ರಕ್ಷಣಾ ತಂಡಗಳು ಹುಡುಕಬೇಕಾದ ಜನರಲ್ಲಿ ಹೆಚ್ಚಿನವರು ತಮ್ಮ ಮನೆಗಳಲ್ಲಿ, ಮಹಡಿಗಳಲ್ಲಿ ಇದ್ದರು. ತಂಡ ತಡವಾಗಿ ಬಂದರೂ ಮನೆ ಇದ್ದಲ್ಲಿಯೇ ಇರುತ್ತದೆ. ಕಡಲಿನಲ್ಲಿ ಹಾಗಲ್ಲ. ಬೋಟು ಮುಳುಗಿದ ಜಾಗವನ್ನು ಇಲ್ಲಿ ಆಧಾರ ಬಿಂದು ಎನ್ನೋಣ. ಆ ಬಿಂದುವಿನಿಂದ ಮನುಷ್ಯನೂ, ತೇಲುವ ಹಲಗೆಯೂ, ಮಗುಚಿದ ದೋಣಿಯೂ ಪ್ರವಾಹ ಮತ್ತು ಗಾಳಿಯ ಸೆಳೆತಕ್ಕೆ ಬೇರೆ ಬೇರೆ ವೇಗದಲ್ಲಿ ಬೇರೆ ಬೇರೆ ದಿಕ್ಕಿಗೆ ಸರಿಯುತ್ತವೆ. ಆ ಸರಿಯುವಿಕೆ ಗಂಟೆಗೆ ಎರಡು ಕಿಲೋಮೀಟರ್ ಎಂದೂ ಅದರ ದಿಕ್ಕು ಖಚಿತವಿಲ್ಲವೆಂದೂ ಇಟ್ಟುಕೊಂಡರೆ, ಮೊದಲ ಗಂಟೆಯ ಕೊನೆಗೆ ಹುಡುಕಬೇಕಾದ ಕಡಲು ಸುಮಾರು 12 ಚದರ ಕಿಲೋಮೀಟರ್. ಐದು ಗಂಟೆಯ ಕೊನೆಗೆ ಅದು 300 ಚದರ ಕಿಲೋಮೀಟರ್ ದಾಟುತ್ತದೆ. ಹೊತ್ತು ಐದು ಪಟ್ಟು ಬೆಳೆದರೆ ಹುಡುಕುವ ಜಾಗ ಇಪ್ಪತ್ತೈದು ಪಟ್ಟು ಬೆಳೆಯುತ್ತದೆ. ಬಿಳಿ ನೊರೆಯೆದ್ದ ನೀರಿನಲ್ಲಿ ಮನುಷ್ಯನ ತಲೆ ಎಷ್ಟು ದೊಡ್ಡದಾಗಿ ಕಂಡೀತು ಎಂಬುದನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ಯೋಚಿಸಿದರೆ, ನೆಲೆಯ ಆಯ್ಕೆಯಲ್ಲಿ ಉಳಿಯುವ ಒಂದೊಂದು ಹತ್ತು ನಿಮಿಷದ ಬೆಲೆ ತಿಳಿಯುತ್ತದೆ. ಅರಬ್ಬಿ ಸಮುದ್ರದ ನೀರು ಬೆಚ್ಚಗಿರುವುದರಿಂದ ಉತ್ತರದ ದೇಶಗಳಲ್ಲಿ ಆಗುವಂತೆ ಇಲ್ಲಿ ಚಳಿಯೇ ಬೇಗನೆ ಕೊಲ್ಲುವುದಿಲ್ಲ; ತೇಲುವ ಆಸರೆಯಿದ್ದವನು ಬಹಳ ಹೊತ್ತು ಜೀವ ಹಿಡಿದಿರಬಲ್ಲ. ಜೀವ ಹಿಡಿದವನು ಸಿಗದೆ ಹೋಗುವುದು ಆದ್ದರಿಂದಲೇ ಹೆಚ್ಚು ಸಂಕಟದ ವಿಷಯ.

ಸುದ್ದಿ ತಲಪುವ ವ್ಯವಸ್ಥೆ ಈಗ ಮೊದಲಿಗಿಂತ ಚೆನ್ನಾಗಿದೆ, ಮತ್ತು ಅದರ ಮುಖ್ಯ ಕೊಂಡಿಗಳು ಕಡಲಿನಿಂದ ದೂರದಲ್ಲಿವೆ ಎಂಬುದು ನಾಗಪುರದಲ್ಲಿರುವವರು ಗಮನಿಸಬೇಕಾದ ಸಂಗತಿ. ಮೀನುಗಾರರ ಬೋಟಿನಲ್ಲಿಡುವ ಡಿಎಟಿ ಎಂಬ ಇಸ್ರೋ ರೂಪಿಸಿದ ಆಪತ್ಸಂದೇಶ ಉಪಕರಣದ ಗುಂಡಿ ಒತ್ತಿದರೆ ಸಂದೇಶವು ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಬಂದು ಅಲ್ಲಿಂದ ಕೋಸ್ಟ್ ಗಾರ್ಡ್‌ನ ಸಮನ್ವಯ ಕೇಂದ್ರಗಳಿಗೆ ಹೋಗುತ್ತದೆ. 2024ರ ಜನವರಿಯಲ್ಲಿ ಬಳಕೆಗೆ ಬಂದ ಅದರ ಎರಡನೆಯ ತಲೆಮಾರಿನ ಉಪಕರಣ ಸಂದೇಶ ಮುಟ್ಟಿತೆಂಬ ಉತ್ತರವನ್ನೂ ಬೋಟಿಗೆ ಮರಳಿಸುತ್ತದೆ. ತೇಲುವ ವಸ್ತು ಎತ್ತ ಸರಿದಿರಬಹುದು ಎಂದು ಲೆಕ್ಕ ಹಾಕಿ ಹುಡುಕುವ ಪ್ರದೇಶವನ್ನು ಗುರುತಿಸಿಕೊಡುವ ಸರಾಟ್ ಎಂಬ ಗಣಕ ಸಾಧನವನ್ನು 2016ರಲ್ಲಿ ರೂಪಿಸಿ ಕೊಟ್ಟದ್ದು ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯಿಸ್. ಇಷ್ಟಿದ್ದೂ ಎಷ್ಟೋ ಸಲ ಮೊದಲ ಸುದ್ದಿ ಬರುವುದು ಪಕ್ಕದ ಬೋಟಿನ ತಾಂಡೇಲನು, ಅಂದರೆ ಬೋಟು ನಡೆಸುವವನು, ದಡದಲ್ಲಿರುವ ಮಾಲೀಕರಿಗೋ ಮೀನುಗಾರರ ಸಂಘಕ್ಕೋ ಮಾಡಿದ ಫೋನಿನಿಂದ; ಅಲ್ಲಿಂದ ಅದು ಕೋಸ್ಟ್ ಗಾರ್ಡ್‌ನ 1554ಕ್ಕೆ ಹೋಗಬೇಕೋ, ಮಲ್ಪೆಯಲ್ಲಿ ಪ್ರಧಾನ ಕಚೇರಿಯುಳ್ಳ ಕರಾವಳಿ ಕಾವಲು ಪೊಲೀಸರ 1093ಕ್ಕೆ ಹೋಗಬೇಕೋ ಎಂಬ ಗೊಂದಲದಲ್ಲಿ ಕಳೆದುಹೋಗುವ ಹೊತ್ತನ್ನು ಯಾವ ಹೆಲಿಕಾಪ್ಟರೂ ಹಿಂದಕ್ಕೆ ತರಲಾರದು. ಈ ತುಂಡು ಸಂಪೂರ್ಣವಾಗಿ ಜಿಲ್ಲೆಯ ಅಧಿಕಾರಿಗಳ ಕೈಯಲ್ಲಿದೆ.

ಇನ್ನು ನೆಲೆಯ ಮಾತು. ಸುಮಾರು 320 ಕಿಲೋಮೀಟರ್ ಉದ್ದದ ಕರ್ನಾಟಕ ಕರಾವಳಿಯ ಎರಡೂ ಕಡೆ ಎರಡು ದೊಡ್ಡ ನೌಕಾ ವೈಮಾನಿಕ ನೆಲೆಗಳಿವೆ: ಉತ್ತರಕ್ಕೆ ಗೋವಾದ ದಾಬೋಲಿಮ್‌ನಲ್ಲಿರುವ ಐಎನ್‌ಎಸ್ ಹಂಸ, ದಕ್ಷಿಣಕ್ಕೆ ಕೊಚ್ಚಿಯಲ್ಲಿರುವ ಐಎನ್‌ಎಸ್ ಗರುಡ. ನೇರ ಗೆರೆಯಲ್ಲಿ ಅಳೆದರೆ ದಾಬೋಲಿಮ್‌ನಿಂದ ಕಾರವಾರಕ್ಕೆ ಸುಮಾರು 70 ಕಿಲೋಮೀಟರ್, ಭಟ್ಕಳಕ್ಕೆ 175, ಮಲ್ಪೆಗೆ 245, ಪಣಂಬೂರಿನ ನವಮಂಗಳೂರು ಬಂದರಿಗೆ 295. ಕೊಚ್ಚಿಯಿಂದ ಪಣಂಬೂರಿಗೆ 365. 2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ 43 ನಾಟಿಕಲ್ ಮೈಲಿ, ಅಂದರೆ ಸುಮಾರು 80 ಕಿಲೋಮೀಟರ್ ದೂರದ ಕಡಲಿನಲ್ಲಿ ಬೇಪೂರಿನ ರಬಾ ಎಂಬ ಮೀನುಗಾರಿಕಾ ಬೋಟಿಗೂ ಎಪಿಎಲ್ ಲೆ ಹಾವ್ರ್ ಎಂಬ ಸಿಂಗಾಪುರದ ಸರಕು ಹಡಗಿಗೂ ಡಿಕ್ಕಿಯಾದಾಗ ಬೋಟಿನಲ್ಲಿದ್ದ 14 ಮಂದಿಯಲ್ಲಿ ಇಬ್ಬರು ಮಾತ್ರ ಬದುಕುಳಿದರು. ಆ ರಾತ್ರಿ ಯಾರ ಕೈಯಿಂದ ಏನಾಗಬಹುದಿತ್ತು ಎಂದು ತೀರ್ಪು ಕೊಡುವುದು ಈ ಪತ್ರದ ಉದ್ದೇಶವಲ್ಲ. ಆ ಜಾಗವನ್ನು ಲೆಕ್ಕಕ್ಕೆ ಇಟ್ಟುಕೊಂಡರೆ ನೆಲೆಯ ಪ್ರಶ್ನೆ ಸ್ಪಷ್ಟವಾಗುತ್ತದೆ ಎಂಬುದಷ್ಟೇ ಉದ್ದೇಶ. ಗಂಟೆಗೆ 250 ಕಿಲೋಮೀಟರ್ ವೇಗದ ಹೆಲಿಕಾಪ್ಟರ್ ಮಂಗಳೂರಿನಿಂದ ಹೊರಟರೆ ಅಲ್ಲಿಗೆ ಇಪ್ಪತ್ತು ನಿಮಿಷ. ಗೋವಾದಿಂದ ಒಂದು ಗಂಟೆ ಐದು ನಿಮಿಷಕ್ಕಿಂತ ಹೆಚ್ಚು. ಕೊಚ್ಚಿಯಿಂದ ಒಂದೂವರೆ ಗಂಟೆ ಮೀರುತ್ತದೆ. ಹೊತ್ತಿನ ಜೊತೆಗೆ ಇಂಧನದ ಲೆಕ್ಕವೂ ಇದೆ. ಹೋಗಲು, ಹುಡುಕಲು, ಒಬ್ಬೊಬ್ಬರನ್ನೇ ಎತ್ತುವಷ್ಟು ಕಾಲ ಒಂದೆಡೆ ತೇಲಿ ನಿಲ್ಲಲು, ಮರಳಲು ಮತ್ತು ಆಪದ್ಧನದಂತೆ ಸ್ವಲ್ಪ ಉಳಿಸಿಕೊಳ್ಳಲು ಒಂದೇ ಟ್ಯಾಂಕಿನ ಇಂಧನ ಸಾಲಬೇಕು. ದೂರದಿಂದ ಬಂದ ಯಂತ್ರವು ಹುಡುಕಾಟಕ್ಕೆ ಇಳಿಯುವಷ್ಟರಲ್ಲಿ ಅದರ ಗಡುವು ಸಮೀಪಿಸಿರುತ್ತದೆ. ಬೆಂಗಳೂರಿನಿಂದ ತರಿಸಬಹುದಲ್ಲ ಎಂಬ ಮಾತಿಗೂ ಇಲ್ಲಿಯೇ ಉತ್ತರವಿದೆ: ಮಂಗಳೂರು ಅಲ್ಲಿಂದ ಮುನ್ನೂರು ಕಿಲೋಮೀಟರ್, ಮತ್ತು ನಡುವೆ ಮಳೆಗಾಲದಲ್ಲಿ ಮೋಡ ಹೊದ್ದು ಕೂತಿರುವ ಘಟ್ಟಸಾಲು.

ಬೋಟಿನ ಊರು ಯಾವುದು ಎಂಬುದರ ಮೇಲೆ ನೆಲೆ ಕೇಳುವ ರೂಢಿ ಕರಾವಳಿಯಲ್ಲಿ ಇದೆ. ದೊಡ್ಡ ಬಂದರು ನಮ್ಮದು, ಆದ್ದರಿಂದ ಹೆಲಿಕಾಪ್ಟರ್ ನಮ್ಮಲ್ಲಿರಲಿ ಎಂಬ ಬೇಡಿಕೆಯ ಹಿಂದಿನ ನೋವು ಅರ್ಥವಾಗುವಂಥದು, ಆದರೆ ಅದರ ಲೆಕ್ಕ ಸರಿಯಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ ಸುವರ್ಣ ತ್ರಿಭುಜ ಬೋಟು 15ರ ರಾತ್ರಿಯ ನಂತರ ಸಂಪರ್ಕಕ್ಕೆ ಸಿಗಲಿಲ್ಲ; ಉಡುಪಿ ಜಿಲ್ಲೆಯ ಇಬ್ಬರು, ಉತ್ತರ ಕನ್ನಡದ ಐವರು ಸೇರಿ ಏಳು ಮಂದಿ ಅದರಲ್ಲಿದ್ದರು. ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಪತ್ತೆ ಮಾಡಿದ್ದು 2019ರ ಮೇ ತಿಂಗಳ ಮೊದಲಲ್ಲಿ, ಮಹಾರಾಷ್ಟ್ರದ ಮಾಲ್ವಣದ ತೀರದಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೊರಗೆ, ಸುಮಾರು ಅರವತ್ತು ಮೀಟರ್ ಆಳದಲ್ಲಿ. ಮಲ್ಪೆಯ ಆ ಬೋಟು ಮುಳುಗಿದ ಜಾಗಕ್ಕೆ ಅತ್ಯಂತ ಹತ್ತಿರದ ವೈಮಾನಿಕ ನೆಲೆ ಗೋವಾ. ಮಲ್ಪೆಯಲ್ಲಿಯೇ ಹೆಲಿಕಾಪ್ಟರ್ ನಿಂತಿದ್ದರೂ ಆ ಏಳು ಮಂದಿಗೆ ಅದು ದೂರದ್ದೇ ಆಗುತ್ತಿತ್ತು. ಅಂತೆಯೇ ಬೇಪೂರಿನ ಬೋಟು ಮುಳುಗಿದ್ದು ಮಂಗಳೂರಿನ ಮುಂದಿನ ಕಡಲಿನಲ್ಲಿ. ಮೀನು ಇದ್ದಲ್ಲಿಗೆ ಬೋಟು ಹೋಗುತ್ತದೆ, ಮತ್ತು ಆಪತ್ತು ಅಲ್ಲಿ ಬರುತ್ತದೆ. ಆದ್ದರಿಂದ ಕರ್ನಾಟಕದ ಟಿಪ್ಪಣಿಯು ಕರ್ನಾಟಕದ ಗಡಿಯೊಳಗೆ ನಿಂತು ಯೋಚಿಸಿದರೆ ಕರ್ನಾಟಕದ ಮೀನುಗಾರರಿಗೇ ನಷ್ಟ.

ಗಡಿಯನ್ನು ಮರೆತು ನಕ್ಷೆಯನ್ನು ನೋಡಿದರೆ ದಾಬೋಲಿಮ್ ಮತ್ತು ಕೊಚ್ಚಿಯ ನಡುವಿನ ನೇರ ದೂರ ಸುಮಾರು 660 ಕಿಲೋಮೀಟರ್. ಅದರ ಸರಿಮಧ್ಯದ ಬಿಂದು ಬೀಳುವುದು ಮಂಜೇಶ್ವರದ ಆಸುಪಾಸಿನಲ್ಲಿ, ಮಂಗಳೂರಿನಿಂದ ಕೂಗಳತೆಯಲ್ಲಿ. ಎರಡೂ ನೆಲೆಗಳಿಂದ ಅತಿ ಹೆಚ್ಚು ದೂರವಾದ ಕಡಲು ಕಾಸರಗೋಡು, ಮಂಗಳೂರು, ಉಡುಪಿಗಳ ಮುಂದಿನದು. ಕಾರವಾರದ ಸೀಬರ್ಡ್ ನೌಕಾನೆಲೆಯ ವಿಸ್ತರಣೆಯ ಭಾಗವಾಗಿ ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ಯೋಜಿಸಲಾಗಿರುವ ನೌಕಾ ವಿಮಾನ ನಿಲ್ದಾಣವನ್ನೂ ಸೇರಿಸಿಕೊಂಡರೆ ಈ ಮಧ್ಯಬಿಂದು ಇನ್ನಷ್ಟು ದಕ್ಷಿಣಕ್ಕೆ, ಕಾಸರಗೋಡು ಜಿಲ್ಲೆಯೊಳಕ್ಕೆ ಸರಿಯುತ್ತದೆಯೇ ಹೊರತು ಉತ್ತರಕ್ಕಲ್ಲ. ಆದ್ದರಿಂದ ಮೊದಲ ನೆಲೆ ಮಂಗಳೂರಿನಲ್ಲಿರಬೇಕು ಎಂಬುದೇ ಈ ಪತ್ರದ ಖಚಿತ ಅಭಿಪ್ರಾಯ. ಅದರಿಂದ ಲಾಭ ಪಡೆಯುವವರಲ್ಲಿ ಕಾಸರಗೋಡು, ಕಣ್ಣೂರುಗಳ ಮೀನುಗಾರರೂ ಇರುತ್ತಾರೆ. ಹಾಗೆ ಇರುವುದು ಆಕ್ಷೇಪಕ್ಕೆ ಕಾರಣವಾಗಬಾರದು, ಬದಲಾಗಿ ಕೇರಳ ಸರ್ಕಾರವನ್ನೂ ಬೇಡಿಕೆಯಲ್ಲಿ ಜೊತೆಗೂಡಿಸಿಕೊಳ್ಳಲು ಕಾರಣವಾಗಬೇಕು. 2025ರ ಜೂನ್ 9ರಂದು ಕೇರಳದ ಉತ್ತರ ಭಾಗದ ಮುಂದಿನ ಕಡಲಿನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗು ಹೊತ್ತಿಕೊಂಡಾಗ ಅದರ 22 ಸಿಬ್ಬಂದಿಯಲ್ಲಿ ರಕ್ಷಿಸಲ್ಪಟ್ಟ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಹಡಗು ಕರೆತಂದದ್ದು ಮಂಗಳೂರಿಗೇ, ಸುಟ್ಟ ಗಾಯಗಳಿಗೆ ಚಿಕಿತ್ಸೆಯಾದದ್ದೂ ಮಂಗಳೂರಿನ ಆಸ್ಪತ್ರೆಯಲ್ಲಿಯೇ.

ಮಂಗಳೂರು ಎಂದು ಹೇಳಿದ ಕೂಡಲೇ ಮಂಗಳೂರಿನಲ್ಲಿ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಟಿಪ್ಪಣಿ ಬರೆಯುವವರು ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ. ಎದುರಿಗಿರುವ ಆಯ್ಕೆಗಳು ಎರಡು. ಒಂದು, ಬಜ್ಪೆಯ ವಿಮಾನ ನಿಲ್ದಾಣ. ಅದು ಬೆಟ್ಟದ ತಲೆ ಕಡಿದು ಸಮ ಮಾಡಿದ ನೆಲ. ಟೇಬಲ್‌ಟಾಪ್ ಓಡುದಾರಿಯ ಅಂಚಿನಾಚೆಯ ಇಳಿಜಾರು ವಿಮಾನಗಳಿಗೆ ಎಂಥ ಅಪಾಯ ಎಂಬುದನ್ನು 158 ಮಂದಿಯನ್ನು ಬಲಿ ಪಡೆದ 2010ರ ಮೇ 22ರ ದುರಂತ ತೋರಿಸಿಕೊಟ್ಟಿದೆಯಾದರೂ, ಉದ್ದದ ಓಟ ಬೇಡದ ಹೆಲಿಕಾಪ್ಟರಿಗೆ ಆ ಆತಂಕವಿಲ್ಲ. ವಾಯು ಸಂಚಾರ ನಿಯಂತ್ರಣ, ಮಂದ ಬೆಳಕಿನಲ್ಲಿ ಇಳಿಯಲು ದಾರಿ ತೋರುವ ಉಪಕರಣ, ಇಂಧನ, ಅಗ್ನಿಶಾಮಕ ದಳ ಎಲ್ಲವೂ ಅಲ್ಲಿ ಸಿದ್ಧವಾಗಿವೆ. ಕಡಲ ತೀರ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್, ಹೆಲಿಕಾಪ್ಟರಿಗೆ ಎರಡು-ಮೂರು ನಿಮಿಷದ ದಾರಿ. ತೊಡಕು ಇರುವುದು ದೂರದಲ್ಲಲ್ಲ, ಮೋಡದಲ್ಲಿ. ಆಷಾಢದ ಮಳೆ ಹಿಡಿದ ದಿನಗಳಲ್ಲಿ ಆ ಗುಡ್ಡದ ಮೇಲೆ ಮೋಡ ಇಳಿದು ಓಡುದಾರಿ ಕಾಣದಂತಾಗಿ ವಿಮಾನಗಳು ಬೇರೆ ಊರಿಗೆ ತಿರುಗುವುದು ಮಂಗಳೂರಿನವರಿಗೆ ಪ್ರತಿ ವರ್ಷದ ಅನುಭವ; ಅದೇ ಹೊತ್ತಿನಲ್ಲಿ ಕೆಳಗಿನ ಪಣಂಬೂರು, ಸುರತ್ಕಲ್‌ಗಳಲ್ಲಿ ನಿಂತವರಿಗೆ ಮಳೆಯ ನಡುವೆಯೂ ಕಡಲು ಕಾಣುತ್ತಿರಬಹುದು. ರಕ್ಷಣೆಯ ಕರೆ ಬರುವುದು ಬಹಳ ಮಟ್ಟಿಗೆ ಇಂಥ ದಿನಗಳಲ್ಲಿಯೇ.

ಇನ್ನೊಂದು ಆಯ್ಕೆ ಪಣಂಬೂರು. ಕೋಸ್ಟ್ ಗಾರ್ಡ್‌ನ ಕರ್ನಾಟಕದ ಜಿಲ್ಲಾ ಕೇಂದ್ರ ಇರುವುದು ಅಲ್ಲಿಯೇ, ಅದರ ಹಡಗುಗಳು ನಿಲ್ಲುವುದೂ ಅಲ್ಲಿಯೇ. ಹೆಲಿಕಾಪ್ಟರ್‌ನ ಚಾಲಕರೂ ಹಡಗಿನ ಕಪ್ತಾನರೂ ಒಂದೇ ಕೋಣೆಯಲ್ಲಿ ಒಂದೇ ನಕ್ಷೆಯ ಮುಂದೆ ನಿಲ್ಲಬಹುದು. ಸಮುದ್ರಮಟ್ಟದಲ್ಲಿರುವುದರಿಂದ ಮೋಡ ಅಷ್ಟು ಬೇಗ ದಾರಿ ಮುಚ್ಚುವುದಿಲ್ಲ. ಆದರೆ ಸುತ್ತಲೂ ಬಂದರಿನ ಕ್ರೇನುಗಳು, ರಸಗೊಬ್ಬರ ಕಾರ್ಖಾನೆಯ ಚಿಮಣಿಗಳು. ರಾತ್ರಿಯ ಹಾರಾಟಕ್ಕೆ ಇವು ಸಣ್ಣ ಅಡಚಣೆಗಳಲ್ಲ. ಅದಕ್ಕಿಂತ ಮುಖ್ಯವಾದುದು ಉಪ್ಪು. ಕಡಲ ಗಾಳಿಯಲ್ಲಿ ತೇಲಿ ಬರುವ ಉಪ್ಪಿನ ಕಣಗಳು ರೆಕ್ಕೆಯ ಕೀಲುಗಳಲ್ಲಿ, ಎಂಜಿನ್ನಿನ ಸೀಳುಗಳಲ್ಲಿ, ತಂತಿಗಳ ಕೂಡುಗಳಲ್ಲಿ ಕೂತು ಲೋಹವನ್ನು ತಿನ್ನುತ್ತವೆ; ಕಡಲ ಮೇಲೆ ತಗ್ಗಿನಲ್ಲಿ ಹಾರಿ ಬಂದ ಹೆಲಿಕಾಪ್ಟರಿಗೆ ಸಿಹಿನೀರಿನ ಸ್ನಾನ ಮಾಡಿಸಿ, ಎಂಜಿನ್ನಿನ ಒಳಕ್ಕೂ ನೀರು ಹಾಯಿಸಿ ತೊಳೆಯಬೇಕಾಗುತ್ತದೆ. ಸದಾ ಉಪ್ಪುಗಾಳಿಯಲ್ಲಿಯೇ ನಿಲ್ಲಿಸಿದ ಯಂತ್ರಕ್ಕೆ ದುರಸ್ತಿಯ ದಿನಗಳು ಹೆಚ್ಚು, ಹಾರುವ ದಿನಗಳು ಕಡಿಮೆ. ಈ ಎರಡನ್ನೂ ತೂಗಿ ನೋಡಿದರೆ, ಹ್ಯಾಂಗರ್, ಕಾರ್ಯಾಗಾರ, ಬಿಡಿಭಾಗಗಳ ಉಗ್ರಾಣ ಬಜ್ಪೆಯಲ್ಲಿರಬೇಕು. ಮೋಡ ಇಳಿಯುವ ಮುನ್ಸೂಚನೆ ಇರುವ ದಿನಗಳಲ್ಲಿ ಸನ್ನದ್ಧ ಹೆಲಿಕಾಪ್ಟರ್ ಒಂದನ್ನು ಸಿಬ್ಬಂದಿಯ ಸಮೇತ ಮುಂಚಿತವಾಗಿಯೇ ಪಣಂಬೂರಿನ ಗಟ್ಟಿ ನೆಲಕ್ಕೆ ಇಳಿಸಿಡಬೇಕು. ಒಂದನ್ನೇ ಆರಿಸಬೇಕೆಂಬ ಹಟ ಬೇಕಾಗಿಲ್ಲ.

ಮಲ್ಪೆ, ಗಂಗೊಳ್ಳಿ, ಭಟ್ಕಳಗಳನ್ನು ಇದರಲ್ಲಿ ಕೈಬಿಟ್ಟಂತೆ ಕಾಣಬಾರದು. ಪೂರ್ಣ ನೆಲೆಗೆ ಬೇಕಾದ ಹ್ಯಾಂಗರು, ತಂತ್ರಜ್ಞರು, ಹಾರಾಟ ನಿಯಂತ್ರಣವನ್ನೆಲ್ಲ ಎರಡನೆಯ ಕಡೆಯೂ ಕಟ್ಟುವುದಕ್ಕಿಂತ, ಇಳಿದು ಇಂಧನ ತುಂಬಿಕೊಳ್ಳಬಹುದಾದ ಮುಂಚೂಣಿ ತಾಣವೊಂದನ್ನು ಕರಾವಳಿಯ ನಡುಭಾಗದಲ್ಲಿ ಸಿದ್ಧಪಡಿಸುವುದು ಕಡಿಮೆ ಖರ್ಚಿನ, ಬೇಗನೆ ಆಗುವ ಕೆಲಸ. ಗಣ್ಯರ ಭೇಟಿಗಳಿಗಾಗಿ ಬಳಕೆಯಾಗುವ ಆದಿಉಡುಪಿಯ ಹೆಲಿಪ್ಯಾಡ್ ಮಲ್ಪೆ ಬಂದರಿಗೂ ಹತ್ತಿರ, ಮಣಿಪಾಲದ ದೊಡ್ಡ ಆಸ್ಪತ್ರೆಗೂ ಹತ್ತಿರ; ಅಲ್ಲಿ ಭದ್ರವಾದ ಇಂಧನ ಸಂಗ್ರಹ, ರಾತ್ರಿ ದೀಪಗಳು, ಗಾಳಿಯ ದಿಕ್ಕು-ವೇಗ ಅಳೆಯುವ ಉಪಕರಣ ಮತ್ತು ಹೊತ್ತಲ್ಲದ ಹೊತ್ತಿನಲ್ಲಿಯೂ ಬೀಗ ತೆರೆಯುವ ಹೊಣೆ ಹೊತ್ತ ಒಬ್ಬ ಅಧಿಕಾರಿ ಇದ್ದರೆ, ಗೋವಾದಿಂದ ಬರುವ ಹೆಲಿಕಾಪ್ಟರಿಗೂ ಕಡಲ ಮೇಲೆ ಉಳಿಯಲು ಇನ್ನಷ್ಟು ಹೊತ್ತು ಸಿಗುತ್ತದೆ. ಬೀಗದ ಮಾತು ಕ್ಷುಲ್ಲಕವೆನಿಸಬಹುದು. ನಿಯಂತ್ರಣ ಕೊಠಡಿಯಲ್ಲಿ ರಾತ್ರಿ ಪಾಳಿ ಮಾಡಿದ ಯಾರಿಗೂ ಅದು ಕ್ಷುಲ್ಲಕವೆನಿಸದು.

ಆಸ್ಪತ್ರೆಯ ಪ್ರಸ್ತಾಪ ಇಲ್ಲಿ ಅನಿವಾರ್ಯ. ಎತ್ತಿದವರನ್ನು ಎಲ್ಲಿಗೆ ಒಯ್ಯುವುದು ಎಂಬುದು ನೆಲೆಯ ಲೆಕ್ಕದ ಒಂದು ಭಾಗ. ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಲ್ಲಿಯ ಗಂಭೀರ ಗಾಯಾಳುಗಳು ಇಂದಿಗೂ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿಗಳ ದಾರಿ ಹಿಡಿಯುತ್ತಾರೆ. ಕಾರವಾರದ ಮುಂದೆ ರಕ್ಷಿಸಿದವನನ್ನು ಕಾರವಾರದಲ್ಲಿಯೇ ಇಳಿಸಿದರೆ ರಕ್ಷಣೆ ಅರ್ಧಕ್ಕೇ ನಿಂತಂತೆ ಆಗಬಹುದು ಎಂಬುದನ್ನು ಟಿಪ್ಪಣಿ ಮುಚ್ಚಿಡದೆ ಹೇಳಬೇಕು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್, ಅಂದರೆ ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ನಿಲ್ಲಿಸುವಂಥ ನೌಕೆ, ಲಂಗರು ಕಿತ್ತು ತೇಲಿ ಮೂಲ್ಕಿಯ ಕಡಲಿನ ಬಂಡೆಗಳಿಗೆ ಸಿಕ್ಕಿಕೊಂಡು ಒಂಬತ್ತು ಮಂದಿಯೊಂದಿಗೆ ಅಲುಗಾಡುತ್ತಿದ್ದಾಗ ಕಾಪು ಕಡೆಯ ದಡದಲ್ಲಿ ನಿಂತ ಜನರ ಎದೆ ಹೊಡೆದುಕೊಳ್ಳುತ್ತಿತ್ತು. 17ರಂದು ಗಾಳಿ ಸ್ವಲ್ಪ ತಗ್ಗಿದ ಮೇಲೆ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ವಿಂಚ್‌ನಿಂದ ಎತ್ತಿತು, ಐವರನ್ನು ಕೋಸ್ಟ್ ಗಾರ್ಡ್‌ನ ವರಾಹ ಹಡಗಿನ ರಬ್ಬರ್ ದೋಣಿ ಕರೆತಂದಿತು. ಹೆಲಿಕಾಪ್ಟರ್ ಮತ್ತು ದೋಣಿ ಒಂದನ್ನೊಂದು ಬಿಟ್ಟು ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಅತಿ ಬಿರುಸಾದ ಗಾಳಿಯಲ್ಲಿ ಹೆಲಿಕಾಪ್ಟರ್ ಕಾಯಲೇಬೇಕಾಗುತ್ತದೆ, ಮತ್ತು ಗಾಳಿ ಬಿಡುವು ಕೊಟ್ಟ ಅರ್ಧ ಗಂಟೆಯನ್ನು ಬಳಸಿಕೊಳ್ಳಬಲ್ಲದ್ದು ಹತ್ತಿರದಲ್ಲಿ ನಿಂತ ಹೆಲಿಕಾಪ್ಟರ್ ಮಾತ್ರ.

ನೆಲೆಯ ಸ್ಥಳದಷ್ಟೇ ನೆಲೆಯ ಗಾತ್ರವೂ ಮುಖ್ಯವಾಗುವುದು ಇದೇ ಕಾರಣಕ್ಕೆ. ಒಂದು ಹೆಲಿಕಾಪ್ಟರ್ ನಿಲ್ಲಿಸಿದ ತಾಣವನ್ನು ನೆಲೆ ಎಂದು ಕರೆಯಲಾಗದು. ಒಂದು ಯಂತ್ರ ದಿನದ ಇಪ್ಪತ್ನಾಲ್ಕು ಗಂಟೆಯೂ ಸನ್ನದ್ಧವಾಗಿರಬೇಕಾದರೆ ಸಾಮಾನ್ಯವಾಗಿ ಮೂರು ಬೇಕು: ಒಂದು ದುರಸ್ತಿಯಲ್ಲಿ, ಒಂದು ಅಭ್ಯಾಸದಲ್ಲಿ ಅಥವಾ ಬದಲಿಯಾಗಿ, ಒಂದು ಕರೆಗೆ. ಭಾರತೀಯ ವಾಯುಪಡೆಯ ನಿರ್ವಹಣಾ ಕಮಾಂಡ್‌ನ ಪ್ರಧಾನ ಕಚೇರಿ ನಾಗಪುರದಲ್ಲಿಯೇ ಇದೆ. ಹಾರುವ ಯಂತ್ರವೊಂದರ ಹಿಂದೆ ನೆಲದ ಮೇಲೆ ಎಷ್ಟು ಜನ, ಎಷ್ಟು ಬಿಡಿಭಾಗ, ಎಷ್ಟು ದಾಖಲೆ ಪುಸ್ತಕಗಳು ಬೇಕಾಗುತ್ತವೆ ಎಂಬುದನ್ನು ವಿಚಾರಿಸಿ ತಿಳಿಯಲು ತರಬೇತಿಯಲ್ಲಿರುವವರಿಗೆ ಅದಕ್ಕಿಂತ ಸಮೀಪದ ಅವಕಾಶ ಸಿಗಲಾರದು. ಕೋಸ್ಟ್ ಗಾರ್ಡ್ ಬಹುಕಾಲ ನೆಚ್ಚಿಕೊಂಡಿದ್ದ ಚೇತಕ್ ಒಂದೇ ಎಂಜಿನ್ನಿನ ಹೆಲಿಕಾಪ್ಟರ್. ರಾತ್ರಿಯಲ್ಲಿ ದಡ ಕಾಣದಷ್ಟು ದೂರ ಹೋಗಿ ಜನರನ್ನು ಎತ್ತುವ ಕೆಲಸಕ್ಕೆ ಎರಡು ಎಂಜಿನ್ನು, ರಾತ್ರಿ ನೋಡುವ ಕ್ಯಾಮೆರಾ, ಅಲುಗದೆ ಒಂದೆಡೆ ನಿಲ್ಲಿಸುವ ಸ್ವಯಂಚಾಲನೆ ಇರುವ ಯಂತ್ರ ಬೇಕು. ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ಧ್ರುವ ಮಾರ್ಕ್ 3 ಇಂಥ ಕೆಲಸಕ್ಕೆಂದೇ ರೂಪುಗೊಂಡದ್ದು. ಆದರೆ 2024ರ ಸೆಪ್ಟೆಂಬರ್ 2ರ ರಾತ್ರಿ ಪೋರಬಂದರಿನ ಕಡಲಿನಲ್ಲಿ ಹರಿ ಲೀಲಾ ಹಡಗಿನ ಗಾಯಾಳುವನ್ನು ಕರೆತರಲು ಹೋದ ಧ್ರುವ ನೀರಿಗೆ ಬಿದ್ದು ಅದರಲ್ಲಿದ್ದ ನಾಲ್ವರಲ್ಲಿ ಒಬ್ಬರು ಮಾತ್ರ ಬದುಕುಳಿದರು. 2025ರ ಜನವರಿ 5ರಂದು ಪೋರಬಂದರಿನಲ್ಲಿಯೇ ಮತ್ತೊಂದು ಉರುಳಿ ಮೂವರು ಸತ್ತರು, ಆಮೇಲೆ ಆ ಮಾದರಿಯ ಹೆಲಿಕಾಪ್ಟರ್‌ಗಳ ಹಾರಾಟವನ್ನೇ ತಿಂಗಳುಗಟ್ಟಲೆ ನಿಲ್ಲಿಸಬೇಕಾಯಿತು. ಬೇರೆಯವರ ಜೀವಕ್ಕಾಗಿ ಹೊರಟು ಮರಳದವರ ನೆನಪಿಗೆ ಗೌರವ ಸಲ್ಲಿಸುವ ಒಂದು ಬಗೆಯೆಂದರೆ, ಒಂದೇ ಮಾದರಿಯ ಮೇಲೆ ಇಡೀ ಕರಾವಳಿಯ ಭಾರ ಹೊರಿಸದ ಯೋಜನೆ ಮಾಡುವುದು.

ಋತುವಿನ ಲೆಕ್ಕವೂ ಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಬಂದರಿನಲ್ಲಿ ನಿಂತಿರುತ್ತವೆ. ಆಗ ಕಡಲಿಗಿಳಿಯುವುದು ನಾಡದೋಣಿಗಳು, ಮತ್ತು ಅವುಗಳಿಗೆ ಆಪತ್ತು ಬರುವುದು ಬಹುಪಾಲು ಅಳಿವೆಯ ಬಾಯಲ್ಲಿ, ದಡದಿಂದ ಕಾಣುವಷ್ಟು ಹತ್ತಿರದಲ್ಲಿ. ಅಲ್ಲಿ ಹೆಲಿಕಾಪ್ಟರ್ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಹೋದಾಗ, 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದಾಗ ಬೇಕಾಗಿದ್ದದ್ದು ಮೈಮೇಲೊಂದು ಜೀವರಕ್ಷಕ ಜಾಕೆಟ್, ದೋಣಿಗೆ ಹತ್ತಿಸುವವರ ಲೆಕ್ಕ ಹಿಡಿಯುವ ಒಬ್ಬ ಪೊಲೀಸ್, ದಡದಲ್ಲಿ ಸಾಕಷ್ಟು ಜೀವರಕ್ಷಕ ಸಿಬ್ಬಂದಿ. ಹೆಲಿಕಾಪ್ಟರ್ ನೆಲೆಯ ಬೇಡಿಕೆ ಈ ಸಣ್ಣ ಖರ್ಚುಗಳನ್ನು ಮುಂದೂಡುವ ನೆಪವಾಗಕೂಡದು. ಅದರ ಸರಿಯಾದ ಕ್ಷೇತ್ರ ದಡದ ದೋಣಿಗಳಿಗೆ ಬೇಗನೆ ಎಟುಕದ ದೂರ: ಆಗಸ್ಟಿನಿಂದ ಮೇವರೆಗೆ ಆಳಸಮುದ್ರದ ಬೋಟುಗಳು, ವರ್ಷವಿಡೀ ಹಾದುಹೋಗುವ ಸರಕು ಹಡಗುಗಳು. ನಿಷೇಧ ಮುಗಿದ ಆಗಸ್ಟಿನ ಮೊದಲ ವಾರಗಳಲ್ಲಿ ಕಡಲು ಇನ್ನೂ ಒರಟಾಗಿರುವಾಗಲೇ ಎಲ್ಲ ಬೋಟುಗಳೂ ಒಮ್ಮೆಗೇ ಹೊರಡುತ್ತವೆ. ಸನ್ನದ್ಧತೆ ತುದಿಗೇರಿರಬೇಕಾದ ವಾರಗಳು ಅವು.

ನೆಲೆಗಳ ಸ್ಥಳದ ಕುರಿತು ಬೇರೆ ದೇಶಗಳಲ್ಲಿಯೂ ಜಗಳಗಳಾಗಿವೆ. ಬ್ರಿಟನ್ನಿನಲ್ಲಿ ಕೋಸ್ಟ್ ಗಾರ್ಡ್‌ನ ಹೆಲಿಕಾಪ್ಟರ್‌ಗಳಿಗೆ ಹತ್ತು ನೆಲೆಗಳನ್ನು ಉಳಿಸಿಕೊಂಡು 2017ರ ಜೂನ್‌ನಲ್ಲಿ ಪೋರ್ಟ್‌ಲೆಂಡ್ ನೆಲೆಯನ್ನು ಮುಚ್ಚಿದಾಗ ಅಲ್ಲಿಯ ಜನ ಬಲವಾಗಿ ವಿರೋಧಿಸಿದರು. ಆ ವಾದದಲ್ಲಿ ಯಾರು ಸರಿ ಎಂಬುದಕ್ಕಿಂತ ಕರ್ನಾಟಕಕ್ಕೆ ಪ್ರಯೋಜನದ ಅಂಶ ಬೇರೆಯಿದೆ: ಅಲ್ಲಿ ಆಗ ಕರೆ ಬಂದ ಮೇಲೆ ಹಗಲಿನಲ್ಲಿ 15 ನಿಮಿಷ, ರಾತ್ರಿಯಲ್ಲಿ 45 ನಿಮಿಷದೊಳಗೆ ನೆಲ ಬಿಡಬೇಕೆಂಬ ಗಡುವು ಬಹಿರಂಗವಾಗಿತ್ತು, ಆದ್ದರಿಂದ ಮೀನುಗಾರನೂ ಮಂತ್ರಿಯೂ ಒಂದೇ ಗಡಿಯಾರ ಹಿಡಿದು ವಾದಿಸಬಹುದಾಗಿತ್ತು. ಮಂಗಳೂರಿನ ನೆಲೆಗೆ ಇಂಥ ಗಡುವನ್ನು ಮೊದಲ ದಿನದಿಂದಲೇ ಬರೆದಿಡದಿದ್ದರೆ, ನೆಲೆ ಸಿಕ್ಕ ಮೇಲೂ ರಾತ್ರಿಯ ಕರೆಗಳಿಗೆ ಬೆಳಗಾಗುವವರೆಗೆ ಕಾಯುವ ಅಭ್ಯಾಸ ಉಳಿದುಕೊಳ್ಳುತ್ತದೆ.

ತರಬೇತಿ ಮುಗಿಸಿ ಜಿಲ್ಲೆಗೆ ಮರಳಿದ ಮೇಲೆ ತಮ್ಮಿಂದ ನಿರೀಕ್ಷಿಸುವುದು ಇಷ್ಟು. ಮಂಗಳೂರು, ಉಡುಪಿ, ಕಾರವಾರಗಳ ನಿಯಂತ್ರಣ ಕೊಠಡಿಗಳು ಮುಂದಿನ ಆಗಸ್ಟಿನಿಂದ ಮೇವರೆಗಿನ ಒಂದು ಇಡೀ ಮೀನುಗಾರಿಕಾ ಋತುವಿನಲ್ಲಿ ಬರುವ ಪ್ರತಿಯೊಂದು ಕಡಲ ಆಪತ್ತಿನ ಕರೆಗೂ ಒಂದೇ ನಮೂನೆಯ ಹಾಳೆ ತುಂಬಬೇಕು: ಘಟನೆ ನಡೆದ ಅಕ್ಷಾಂಶ-ರೇಖಾಂಶ, ಮೊದಲ ಸುದ್ದಿ ಯಾರಿಂದ ಯಾರಿಗೆ ಎಷ್ಟು ಹೊತ್ತಿಗೆ ಬಂತು, ಕೋಸ್ಟ್ ಗಾರ್ಡಿಗೆ ಎಷ್ಟು ಹೊತ್ತಿಗೆ ಮುಟ್ಟಿತು, ಮೊದಲ ನೆರವು ಬೋಟಿನದೋ ಹಡಗಿನದೋ ಹೆಲಿಕಾಪ್ಟರಿನದೋ ಮತ್ತು ಅದು ಸ್ಥಳ ಸೇರಿದ ಹೊತ್ತು, ಆಗಿನ ಗಾಳಿ ಮತ್ತು ಮೋಡದ ಎತ್ತರ, ರಕ್ಷಿಸಿದವರನ್ನು ಇಳಿಸಿದ ಜಾಗ, ಅವರು ಆಸ್ಪತ್ರೆ ಸೇರಿದ ಹೊತ್ತು. ಬೇರೆ ರಾಜ್ಯದ ಬೋಟು ಎಂಬ ಕಾರಣಕ್ಕೆ ಯಾವ ಕರೆಯನ್ನೂ ಬಿಡಬಾರದು. ಕಾಸರಗೋಡು ಮತ್ತು ಗೋವಾದ ಅಧಿಕಾರಿಗಳಿಂದಲೂ ಅದೇ ಹಾಳೆಯನ್ನು ಕೇಳಿ ಪಡೆಯಬೇಕು. ಬಜ್ಪೆಯ ಗುಡ್ಡದಲ್ಲಿಯೂ ಪಣಂಬೂರಿನ ತೀರದಲ್ಲಿಯೂ ಮಳೆಗಾಲದುದ್ದಕ್ಕೂ ದಿನಕ್ಕೆ ನಾಲ್ಕು ಬಾರಿ ಮೋಡದ ಎತ್ತರ ಮತ್ತು ಕಣ್ಣೋಟದ ದೂರವನ್ನು ಅಕ್ಕಪಕ್ಕದ ಎರಡು ಕಾಲಂಗಳಲ್ಲಿ ಬರೆದಿಡಬೇಕು. ಈ ಹಾಳೆಗಳನ್ನು ಸೇರಿಸಿ ಹೊಲಿದ ಕಡತದೊಂದಿಗೆ ಹೋಗುವ ಪ್ರಸ್ತಾವವನ್ನು, ಜಾಗ ಇಲ್ಲ ಎಂಬ ಒಂದು ಸಾಲಿನ ಷರಾದೊಂದಿಗೆ ಹಿಂದಕ್ಕೆ ಕಳುಹಿಸುವುದು ಯಾವ ಕಚೇರಿಗೂ ಸುಲಭವಾಗದು.